ಗೋಡೆ ನಮ್ಮದು, ಬೀಳುವುದು ಯಾರ ಮೇಲೆ?

2024ರ ಜೂನ್ 26. ಉಳ್ಳಾಲದ ಹತ್ತಿರ ಕುತ್ತಾರು ಮದನಿನಗರ. ಜೋರು ಮಳೆಗೆ ಬೆಳಗಿನ ಹೊತ್ತು ಪಕ್ಕದ ಜಾಗದ ಗೋಡೆ ಒಂದು ಮನೆಯ ಮೇಲೆ ಬಿತ್ತು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನಾಲ್ವರೂ ಹೋದರು. ಆ ಜನಾಝಕ್ಕೆ ಹೋದವರು ಈ ಪುಟ ಓದುವವರಲ್ಲೂ ಇರಬಹುದು. ಮರುವರ್ಷ, 2025ರ ಮೇ 30ರ ಮಳೆಗೆ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿಯೂ ಇಬ್ಬರು ಪುಟ್ಟ ಮೊಮ್ಮಕ್ಕಳೂ ತೀರಿಕೊಂಡರು. ಅದೇ ದಿನ ದೇರಳಕಟ್ಟೆ ಕಡೆಯ ಕಾನಕೆರೆಯಲ್ಲಿ ಮನೆಯ ಮೇಲೆ ಗೋಡೆ ಬಿದ್ದು ಒಬ್ಬಳು ಹುಡುಗಿಯ ಜೀವ ಹೋಯಿತು. ಮೂರೂ ಒಂದೇ ತಾಲೂಕಿನಲ್ಲಿ, ಒಂದು ವರ್ಷದೊಳಗೆ.

ಆ ವಾರಗಳಲ್ಲಿ ಹೋಟೆಲಿನಲ್ಲಿ ಕೂತರೂ ಮಸೀದಿ ಅಂಗಳದಲ್ಲಿ ನಿಂತರೂ ಒಂದೇ ಪ್ರಶ್ನೆ: 'ಇಷ್ಟೆತ್ತರದ ಗೋಡೆ ಕಟ್ಟುವಾಗ ಪಂಚಾಯತಿನವರು ಎಂತ ಮಾಡ್ತಿದ್ರು?' ಮಳೆ ನಿಂತು ಎರಡು ತಿಂಗಳಾದ ಮೇಲೆ ಅದೇ ಹೋಟೆಲಿನಲ್ಲಿ, ಅದೇ ಬೆಂಚಿನಲ್ಲಿ ಇನ್ನೊಂದು ಮಾತು: 'ನಮ್ಮ ಜಾಗದಲ್ಲಿ ನಾವೊಂದು ಮನೆ ಕಟ್ಟುವ ಹಾಗಿಲ್ಲ ಮಾರಾಯ್ರೆ, ಅದಕ್ಕೂ ಕಾಗದ, ಇದಕ್ಕೂ ಕಾಗದ.' ಎರಡನ್ನೂ ಹೇಳುವವರು ಬೇರೆ ಬೇರೆ ಜನ ಅಲ್ಲ. ಹೆಚ್ಚಾಗಿ ಒಬ್ಬರೇ. ನಾನೂ ಎರಡನ್ನೂ ಹೇಳಿದ್ದೇನೆ.

ಸರ್ಕಾರ ಬೇಕೋ ಬೇಡವೋ ಎಂಬ ಈ ಗೊಂದಲ ನಮ್ಮ ಸಮುದಾಯಕ್ಕೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ತಾಗುತ್ತದೆ. ಕಟ್ಟುವ ಕೆಲಸದ ಯಾವ ತುದಿ ಹಿಡಿದರೂ ಬ್ಯಾರಿಗಳು ಸಿಗುತ್ತಾರೆ. ಮೇಸ್ತ್ರಿ, ಟೈಲ್ಸ್ ಹಾಕುವವರು, ಸೆಂಟ್ರಿಂಗ್‌ನವರು, ಪೈಂಟರ್, ಜೆಸಿಬಿ ಇಟ್ಟವರು, ಕೆಂಪುಕಲ್ಲಿನ ಲಾರಿಯವರು, ಹೊಯ್ಗೆಯವರು, ಹಾರ್ಡ್‌ವೇರ್ ಅಂಗಡಿಯವರು. ದಮ್ಮಾಮ್‌ನಲ್ಲಿ, ದೋಹಾದಲ್ಲಿ ಬೇರೆಯವರ ಕಟ್ಟಡ ಎಬ್ಬಿಸಿ ಆ ದುಡ್ಡಿನಲ್ಲಿ ಊರಲ್ಲಿ ತನ್ನ ಮನೆ ಎಬ್ಬಿಸುವವರೂ ನಮ್ಮವರೇ. ಆ ಮನೆಯನ್ನು ಮಾಲಕ ನೋಡುವುದು ವಾಟ್ಸ್ಆ್ಯಪ್ ವಿಡಿಯೋದಲ್ಲಿ. ಸಿಟೌಟಿನ ಗ್ರಾನೈಟ್, ಕಿಚನ್ನಿನ ಕಪಾಟು, ಗೇಟಿನ ಡಿಸೈನ್ ಎಲ್ಲ ನೋಡುತ್ತಾನೆ. ಮನೆಯ ಹಿಂದಿನ ಗೋಡೆಯ ಹಿಂಭಾಗ ಅವನಿಗೆ ಯಾರೂ ತೋರಿಸುವುದಿಲ್ಲ.

ಹಾಗಾಗಿ ಕಾನೂನು ಬಿಗಿಯಾದರೂ ನಮ್ಮ ಹೊಟ್ಟೆಗೆ ಪೆಟ್ಟು, ಸಡಿಲವಾದರೂ ನಮ್ಮ ತಲೆಗೆ ಪೆಟ್ಟು. ನಾನು ಹೇಳಬೇಕೆಂದಿರುವುದು ಒಂದೇ. ನಮ್ಮಲ್ಲಿ ಸರ್ಕಾರದ ನಿಯಂತ್ರಣ ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ ಎಂಬ ಲೆಕ್ಕವೇ ಸರಿಯಿಲ್ಲ. ಅದು ತಪ್ಪು ಜಾಗದಲ್ಲಿ ಕೂತಿದೆ. ಬಿಡಬಹುದಾದಲ್ಲಿ ಹಿಡಿಯುತ್ತದೆ, ಹಿಡಿಯಬೇಕಾದಲ್ಲಿ ಕಣ್ಣೆತ್ತಿಯೂ ನೋಡುವುದಿಲ್ಲ.

ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದ ಯಾರನ್ನಾದರೂ ಕೇಳಿ. ಕನ್ವರ್ಷನ್ ಆಗಬೇಕು. ಸಿಂಗಲ್ ಸೈಟ್ ಆಗಬೇಕು. 9/11 ಬೇಕು, ಈಗ ಇ-ಖಾತಾ ಬೇಕು. ಪ್ಲಾನ್ ಬೇಕು, ಲೈಸೆನ್ಸ್ ಬೇಕು, ಡೋರ್ ನಂಬರ್ ಬೇಕು, ಕರೆಂಟಿಗೆ ಇನ್ನೊಂದು ಕಂತೆ. ಇದರಲ್ಲಿ ಪ್ರತಿಯೊಂದಕ್ಕೂ ಕಾರಣ ಇಲ್ಲವೆಂದು ನಾನು ಹೇಳುವುದಿಲ್ಲ. ಗದ್ದೆ ಗದ್ದೆಯಾಗಿಯೇ ಉಳಿಯಬೇಕು ಎನ್ನುವುದಕ್ಕೆ ಅರ್ಥವಿದೆ. ದಾರಿ ಇಲ್ಲದ ಸೈಟು ಮಾರಿ ಜನರಿಗೆ ಮೋಸವಾಗಬಾರದು ಎನ್ನುವುದಕ್ಕೂ ಅರ್ಥವಿದೆ. ಆದರೆ ಈ ಇಡೀ ಕಂತೆಯಲ್ಲಿ 'ನಿಮ್ಮ ಜಾಗ ಮೇಲೆಯೋ ಕೆಳಗೆಯೋ, ಗುಡ್ಡ ಎಷ್ಟು ಅಡಿ ಕಡಿದಿದ್ದೀರಿ, ಗೋಡೆಯ ಕೆಳಗೆ ಯಾರ ಮನೆ ಇದೆ' ಎಂಬ ಪ್ರಶ್ನೆ ಎಲ್ಲಿದೆ? ಪಂಚಾಯತಿಗೆ ಅಧಿಕಾರ ಇಲ್ಲವೆಂದಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಕಟ್ಟಡ ಕಟ್ಟುವುದನ್ನು ನಿಯಂತ್ರಿಸುವ ಅಧಿಕಾರವನ್ನು ಗ್ರಾಮ ಪಂಚಾಯತಿಗೇ ಕೊಟ್ಟಿದೆ. ಆದರೆ ಫೈಲಿನಲ್ಲಿ ಇರುವುದು ಮನೆಯ ನಕ್ಷೆ. ಗೋಡೆ ನಕ್ಷೆಯಲ್ಲಿ ಒಂದು ಗೆರೆ ಮಾತ್ರ. ಗೆರೆಗೆ ಎತ್ತರ ಇಲ್ಲ.

ಒಸಿ ವಿಷಯವನ್ನೇ ನೋಡಿ. ಉತ್ತರಪ್ರದೇಶದ ಮೀರತ್‌ನ ಶಾಸ್ತ್ರಿನಗರದಲ್ಲಿ ವಾಸದ ಸೈಟಿನಲ್ಲಿ ಅನುಮತಿ ಇಲ್ಲದೆ ಅಂಗಡಿಗಳನ್ನು ಕಟ್ಟಿದ ಪ್ರಕರಣ ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. 2024ರ ಡಿಸೆಂಬರ್ 17ರಂದು ಕೋರ್ಟು ಆ ಕಟ್ಟಡ ಕೆಡವಬೇಕೆಂದಿತು, ಜೊತೆಗೆ ಇಡೀ ದೇಶಕ್ಕೆ ಅನ್ವಯವಾಗುವ ನಿರ್ದೇಶನಗಳನ್ನೂ ಕೊಟ್ಟಿತು. ಪೂರ್ಣತೆಯ ಅಥವಾ ವಾಸಯೋಗ್ಯತೆಯ ಪ್ರಮಾಣಪತ್ರ ತೋರಿಸದೆ ಕರೆಂಟು, ನೀರು, ಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು. ಕೋರ್ಟಿನ ಕಾಳಜಿ ತಪ್ಪಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಬಹುಮಹಡಿ ಕಟ್ಟಡ ಬಿದ್ದು ಕೂಲಿ ಕಾರ್ಮಿಕರು ಅಡಿಯಾದರು. ಅಂಥ ಕಡೆ 'ನನ್ನ ಜಾಗ, ನನ್ನ ಇಷ್ಟ' ಎನ್ನುವವನ ಕೈ ಹಿಡಿಯಲೇಬೇಕು. ಆದರೆ ಅದೇ ಆದೇಶ ಕರ್ನಾಟಕಕ್ಕೆ ಬಂದಾಗ ಎಸ್ಕಾಂಗಳು ಸಣ್ಣ ಮನೆಯವನಿಗೂ ಮೀಟರ್ ಇಲ್ಲ ಎಂದವು. ಮೀರತ್‌ನ ಅಂಗಡಿಯವ ಮಾಡಿದ ತಪ್ಪಿಗೆ ಇಲ್ಲಿ ಎರಡು ಕೋಣೆಯ ಮನೆಯವರು ಕತ್ತಲಲ್ಲಿ ಕೂರಬೇಕಾಯಿತು.

ಗಲಾಟೆಯಾದ ಮೇಲೆ 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿ ವರೆಗಿನ ನಿವೇಶನದ ಸಣ್ಣ ವಾಸದ ಮನೆಗಳಿಗೆ ಒಸಿ ವಿನಾಯಿತಿ ಕೊಟ್ಟಿತು. ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ: ಒಂದು ಸೆಂಟ್ಸ್ ಅಂದರೆ 435 ಚದರ ಅಡಿ ಚಿಲ್ಲರೆ. 1,200 ಚದರ ಅಡಿ ಅಂದರೆ ಎರಡೂ ಮುಕ್ಕಾಲು ಸೆಂಟ್ಸ್. ಇದು ಬೆಂಗಳೂರಿನ 30-40 ಸೈಟಿನ ಅಳತೆ. ನಮ್ಮ ಕಡೆ ಬಡವನ ಜಾಗವೇ ಐದು ಸೆಂಟ್ಸ್, ಅಂದರೆ ಸುಮಾರು 2,180 ಚದರ ಅಡಿ. ಅದರ ಮೂಲೆಯಲ್ಲಿ ಆರುನೂರು ಚದರ ಅಡಿಯ ಹೆಂಚಿನ ಮನೆ ಇದ್ದರೂ ನಿವೇಶನದ ಲೆಕ್ಕದಲ್ಲಿ ಅವನು ದೊಡ್ಡವ! ಬೆಂಗಳೂರಿನಲ್ಲಿ ಕೂತು ಅಳತೆಕೋಲು ಮಾಡಿದರೆ ಹೀಗೇ ಆಗುವುದು.

ಈಗ ಗೋಡೆಯ ಮಾತಿಗೆ ಬರುತ್ತೇನೆ. ಏಕೆಂದರೆ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅದೇ.

ನಮ್ಮ ನೆಲ ಸಮತಟ್ಟಲ್ಲ. ಹಿರಿಯರು ಗುಡ್ಡದ ಇಳಿಜಾರಿಗೆ ಸರಿಯಾಗಿ ಮನೆ ಕಟ್ಟುತ್ತಿದ್ದರು, ನಾವು ಮನೆಗೆ ಸರಿಯಾಗಿ ಗುಡ್ಡವನ್ನೇ ಕತ್ತರಿಸುತ್ತೇವೆ. ಮೇಲಿನ ಮುರಕಲ್ಲಿನ ಪದರ ಗಟ್ಟಿ, ಜೆಸಿಬಿ ಹಲ್ಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಅದರ ಅಡಿಯಲ್ಲಿ ಇರುವುದು ಶೇಡಿ ಮಣ್ಣು. ಬಿಳಿ, ಹಳದಿ, ನಸುಗೆಂಪು, ಕೈಯಲ್ಲಿ ಹಿಡಿದರೆ ಪೌಡರಿನ ಹಾಗೆ ನುಣುಪು. ಬೇಸಿಗೆಯಲ್ಲಿ ನೆಟ್ಟಗೆ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿದರೆ ಅದರ ಬಲ ಹೋಗಿ ಜಾರಲು ಶುರು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆದಿದೆ, ಗುಟ್ಟೇನೂ ಅಲ್ಲ. ನಮ್ಮ ಹಳೆ ಮೇಸ್ತ್ರಿಗಳಿಗೂ ಗೊತ್ತಿತ್ತು. ಏಪ್ರಿಲ್‌ನಲ್ಲಿ ಗುಡ್ಡ ಕಡಿದವನಿಗೆ ಅದು ಬಂಡೆಯ ಹಾಗೆ ಕಾಣುತ್ತದೆ, ಜುಲೈಯಲ್ಲಿ ಅದು ಬೇರೆಯೇ ವಸ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು.

ಇಂಥ ಕಡೆ ಕೆಂಪುಕಲ್ಲಿನಲ್ಲಿ ಹತ್ತು ಹದಿನೈದು ಅಡಿ ಗೋಡೆ ಎಬ್ಬಿಸುತ್ತೇವೆ. ಹಿಂದೆ ಲಾರಿಯಲ್ಲಿ ತಂದ ಮಣ್ಣು ತುಂಬಿಸುತ್ತೇವೆ. ಮೇಲೆ ಚಂದಕ್ಕೆ ಇಂಟರ್‌ಲಾಕ್. ನೀರು ಹೊರಗೆ ಹೋಗಲು ಗೋಡೆಯಲ್ಲಿ ತೂತು ಇಡುವುದಿಲ್ಲ, ಇಟ್ಟರೆ ಗೋಡೆಗೆ ಕಲೆಯಾಗುತ್ತದೆ, ಬಣ್ಣ ಹಾಳಾಗುತ್ತದೆ ಎಂದು. ಒಂದು ಸಣ್ಣ ಲೆಕ್ಕ: ಹತ್ತು ಅಡಿ ಎತ್ತರದ ಗೋಡೆಯ ಹಿಂದೆ ನೀರು ತುಂಬಿಕೊಂಡರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದಕ್ಕೆ ನೀರಿನ ತಳ್ಳು ಒಂದೇ ಸುಮಾರು ನಾಲ್ಕೂವರೆ ಟನ್. ಮಣ್ಣಿನದ್ದು ಬೇರೆ. ಎತ್ತರ ಎರಡು ಪಟ್ಟಾದರೆ ತಳ್ಳು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇಪ್ಪತ್ತು ಅಡಿ ಗೋಡೆಗೆ ಹದಿನೆಂಟು ಟನ್. ಹತ್ತು ಅಡಿಗೆ ನಿಂತದ್ದು ಇಪ್ಪತ್ತಕ್ಕೂ ನಿಲ್ಲುತ್ತದೆ ಎಂದು ಮೇಸ್ತ್ರಿ ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ.

ನನ್ನ ಮನೆಯ ಹಿಂದೆಯೂ ಅಂಥದ್ದೇ ಒಂದು ಗೋಡೆ ಇದೆ, ಹನ್ನೊಂದು ಅಡಿ. ಹದಿನಾಲ್ಕು ವರ್ಷ ಹಿಂದೆ ಕಟ್ಟಿಸಿದ್ದು. ಕೆಳಗೆ ಒಬ್ಬ ಅಜ್ಜಿ, ಮಗಳು, ಮೊಮ್ಮಕ್ಕಳು. ಮೇಸ್ತ್ರಿ ಆಗಲೇ ಪೈಪ್ ಇಡುವಾ ಎಂದಿದ್ದ, ನಾನೇ ಬೇಡ ಎಂದೆ. ಕೆಳಗಿನವರ ಅಂಗಳಕ್ಕೆ ನೀರು ಬಿಟ್ಟರೆ ಜಗಳ ಆದೀತು ಅಂತ ನನ್ನ ನೆವ. ನೀರು ಬಿಟ್ಟರೆ ಜಗಳ, ಗೋಡೆಯನ್ನೇ ಬಿಟ್ಟರೆ? ಮದನಿನಗರದ ಸುದ್ದಿ ಓದಿದ ಆ ರಾತ್ರಿ ನಿದ್ದೆ ಬರಲಿಲ್ಲ. ಮಳೆ ಬಿಟ್ಟ ಮೇಲೆ ಡ್ರಿಲ್ಲಿನವನನ್ನು ಕರೆಸಿ ಎರಡು ಸಾಲು ತೂತು ಹೊಡೆಸಿ ಪೈಪ್ ಇಡಿಸಿದೆ, ಅಡಿಯಲ್ಲಿ ಒಂದು ಕಣಿ ತೋಡಿಸಿ ನೀರನ್ನು ತೋಡಿಗೆ ಬಿಟ್ಟೆ. ಮೊದಲ ತೂತಿನಿಂದಲೇ ಹಳದಿ ನೀರು ಬಂತು, ಮರುದಿನವೂ ನಿಲ್ಲಲಿಲ್ಲ. ಅಷ್ಟೂ ನೀರು ಅಲ್ಲೇ ಕೂತಿತ್ತು. ಇಷ್ಟು ವರ್ಷದಲ್ಲಿ ನನ್ನ ತೆರಿಗೆ ರಶೀದಿ, ಲೈಸೆನ್ಸು, ಖಾತೆ ಎಲ್ಲ ಒಂದಲ್ಲ ಒಂದು ಕಚೇರಿಯವರು ನೋಡಿದ್ದಾರೆ. ಗೋಡೆ ನೋಡಲು ಯಾರೂ ಬಂದಿಲ್ಲ. ಬಂದಿದ್ದರೆ ನಾನು ಏನು ಹೇಳುತ್ತಿದ್ದೆ? 'ನಮ್ಮ ಜಾಗದ ಗೋಡೆಗೆ ನಿಮಗೇನು ಕೆಲಸ' ಎಂದೇ ಕೇಳುತ್ತಿದ್ದೆ ಅನಿಸುತ್ತದೆ.

'ನಮ್ಮ ಜಾಗ' ಎನ್ನುವುದಕ್ಕೆ ಮಿತಿ ಇದೆ ಎಂದು ಕಾನೂನು ಹೇಳಿದ್ದು ಇವತ್ತಲ್ಲ. 1882ರ ಈಸ್ಮೆಂಟ್ಸ್ ಆ್ಯಕ್ಟ್ ಮೊದಲು ಜಾರಿಯಾದ ಪ್ರಾಂತ್ಯಗಳಲ್ಲಿ ಮದ್ರಾಸ್ ಒಂದು, ಆಗ ನಮ್ಮ ಜಿಲ್ಲೆ ಇದ್ದದ್ದು ಮದ್ರಾಸಿನಲ್ಲೇ. ಅದರ 7ನೇ ಸೆಕ್ಷನ್ ಪ್ರಕಾರ ಒಬ್ಬನ ಜಾಗಕ್ಕೆ ಪಕ್ಕದ ಮಣ್ಣಿನಿಂದ ಸಹಜವಾಗಿ ಸಿಗುವ ಆಧಾರ ಅವನ ಹಕ್ಕು. ಕೆಳಗಿನವ ತನ್ನ ಜಾಗದಲ್ಲೇ ಗುಡ್ಡದ ಬುಡ ಕಡಿದು ಮೇಲಿನವನ ನೆಲ ಜಾರಿಸಿದರೆ 'ನನ್ನ ಜಾಗದಲ್ಲಿ ಕಡಿದೆ' ಎಂಬ ಉತ್ತರ ನಡೆಯುವುದಿಲ್ಲ.

ನಮ್ಮ ಕಿತಾಬುಗಳಲ್ಲಿ ಇದು ಇನ್ನೂ ಹಳೆಯದು. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಬದಲು ಹಾನಿಯೂ ಕೂಡದು ಎಂಬ ಹದೀಸಿನ ಮೇಲೆ ಫಿಖ್‌ಹ್‌ನ ದೊಡ್ಡ ಭಾಗವೇ ನಿಂತಿದೆ. ಬಗ್ದಾದಿನ ಶಾಫಿಈ ವಿದ್ವಾಂಸ ಇಮಾಂ ಮಾವರ್ದಿ (ನಿಧನ 1058) ಆಡಳಿತದ ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯ ಕೆಲಸ ವಿವರಿಸುತ್ತಾರೆ. ಪೇಟೆಯ ತೂಕ, ಅಳತೆ, ಕಟ್ಟಡ ಎಲ್ಲ ನೋಡುವವನು ಅವನು, ಇವತ್ತಿನ ಇನ್‌ಸ್ಪೆಕ್ಟರ್ ಎನ್ನಿ. ನೆರೆಯವರ ನಡುವಿನ ಗೋಡೆ, ಗಡಿ, ಜಂತಿಯ ತಕರಾರಿನಲ್ಲಿ ನೆರೆಯವ ದೂರು ಕೊಡುವ ತನಕ ಅವನು ಕೈ ಹಾಕುವ ಹಾಗಿಲ್ಲ, ಅದು ಅವರ ಖಾಸಗಿ ಹಕ್ಕು. ಆದರೆ ಸಾರ್ವಜನಿಕ ದಾರಿಯಲ್ಲಿ ಕಟ್ಟಿದರೆ ಯಾರ ದೂರಿಗೂ ಕಾಯದೆ ತಡೆಯಬೇಕು, ದಾರಿ ಎಷ್ಟೇ ಅಗಲವಿರಲಿ, ಕಟ್ಟಿದ್ದು ಮಸೀದಿಯೇ ಆಗಿರಲಿ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ಗೆರೆ ಎಷ್ಟು ಸ್ಪಷ್ಟ ನೋಡಿ. ಇನ್ನೊಂದು ನನಗೆ ಬಹಳ ಇಷ್ಟವಾದ ಸಂಗತಿ: ಹದಿನಾಲ್ಕನೇ ಶತಮಾನದ ಟ್ಯೂನಿಸ್‌ನಲ್ಲಿ ಇಬ್ನುರ್ರಾಮಿ ಎಂಬವರು ಮಾಲಿಕಿ ಮದ್ಹಬಿನಲ್ಲಿ ಕಟ್ಟಡ ವ್ಯಾಜ್ಯಗಳ ಬಗ್ಗೆಯೇ ಒಂದು ಗ್ರಂಥ ಬರೆದರು. ಅವರು ಕಸುಬಿನಲ್ಲಿ ಮೇಸ್ತ್ರಿ. ಗೋಡೆಯ ಜಗಳ ಬಂದರೆ ಖಾಝಿ ಅವರನ್ನು ಜಾಗಕ್ಕೆ ಕಳಿಸಿ ನೋಡಿ ಬರಲು ಹೇಳುತ್ತಿದ್ದರು. ಕಾಗದ ನೋಡಿ ಅಲ್ಲ, ಗೋಡೆ ನೋಡಿ ತೀರ್ಪು. ಮಸ್ಅಲದ ಮಾತು ಉಸ್ತಾದರಿಗೆ ಬಿಟ್ಟದ್ದು, ನಾನು ಹೇಳುತ್ತಿರುವುದು ಆ ಪದ್ಧತಿಯ ಬಗ್ಗೆ ಮಾತ್ರ.

ಇದರ ಸರೀ ವಿರುದ್ಧ ಪದ್ಧತಿ ನೋಡಬೇಕಾದರೆ 2025ರ ಮಳೆಗಾಲದ ಕೆಂಪುಕಲ್ಲಿನ ಕತೆ ಸಾಕು. ವರ್ಷಗಟ್ಟಲೆ ಅನುಮತಿ ಇಲ್ಲದ ಕೋರೆಗಳು ನಡೆದವು, ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಸುಮ್ಮನಿದ್ದರು. ಒಂದು ದಿನ ಬಿಗಿ ಶುರುವಾಯಿತು, ಕಲ್ಲು ನಿಂತಿತು, ಹೊಯ್ಗೆ ಮೊದಲೇ ಸಿಗುತ್ತಿರಲಿಲ್ಲ. ಕಲ್ಲಿನ ಮೇಸ್ತ್ರಿಯಿಂದ ಹಿಡಿದು ಲಾರಿ ಕ್ಲೀನರ್ ತನಕ ಎಲ್ಲರೂ ಮನೆಯಲ್ಲಿ. ಕೂಲಿಯವರು ಬೀದಿಗಿಳಿದು ಪ್ರತಿಭಟಿಸಿದರು. ಆಮೇಲೆ ನಿಯಮ ಸಡಿಲಿಸುವ, ರಾಜಧನ ಇಳಿಸುವ ಮಾತು ಬಂತು. ಬಿಟ್ಟ ಕೋರೆಯ ಹೊಂಡದಲ್ಲಿ ನೀರು ತುಂಬಿ ಮಕ್ಕಳು ಬಿದ್ದು ಸಾಯುವುದನ್ನು ನಾವೇ ನೋಡಿದ್ದೇವೆ, ಹಾಗಾಗಿ ಕೋರೆಗೆ ಯಾವ ಕಾನೂನೂ ಬೇಡ ಎನ್ನುವವರ ಜೊತೆ ನಾನಿಲ್ಲ. ಆದರೆ ಹತ್ತು ವರ್ಷ ಕಣ್ಣು ಮುಚ್ಚಿ ಹನ್ನೊಂದನೇ ವರ್ಷ ಏಕಾಏಕಿ ಕಣ್ಣು ಬಿಡುವುದಕ್ಕೆ ನಿಯಂತ್ರಣ ಎನ್ನುವುದಿಲ್ಲ. ಹೊಂಡಕ್ಕೆ ಬೇಲಿ ಹಾಕಿದನೋ, ಮಣ್ಣು ತುಂಬಿಸಿದನೋ ಎಂದು ಕೇಳುವುದು ನಿಯಂತ್ರಣ.

ಕೈಕೆಲಸದ ಲೈಸೆನ್ಸಿಗೂ ಇದೇ ಮಾತು ಅನ್ವಯ. ನಮ್ಮ ಹುಡುಗರು ಈಗ ಸೌದಿಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್ ವೀಸಾದಲ್ಲಿ ಹೋಗಬೇಕಾದರೆ ಇಲ್ಲೇ ಪರೀಕ್ಷೆ ಪಾಸಾಗಬೇಕು, ಬರೆದೂ ತೋರಿಸಬೇಕು, ಕೈಯಲ್ಲಿ ಮಾಡಿಯೂ ತೋರಿಸಬೇಕು. ಬೇಜಾರು ಉಂಟು, ಖರ್ಚೂ ಉಂಟು, ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಅವಮಾನ ಎಂದೂ ಅನಿಸುತ್ತದೆ. ಆದರೆ ಪಾಸಾದವನ ಕೈಯಲ್ಲಿ ತನ್ನ ಕೆಲಸಕ್ಕೇ ಸಿಕ್ಕಿದ ಒಂದು ಕಾಗದ ಇರುತ್ತದೆ. ನಮ್ಮೂರಿನಲ್ಲಿ ಏನು? ಮನೆಗೆ ವಯರಿಂಗ್ ಮಾಡುವವ ಒಬ್ಬ, ಕರೆಂಟ್ ಕಚೇರಿಗೆ ಹೋಗುವ ಫಾರ್ಮಿಗೆ ಸಹಿ ಹಾಕುವ ಲೈಸೆನ್ಸುದಾರ ಇನ್ನೊಬ್ಬ. ಬಹಳ ಕಡೆ ಸಹಿಯವ ಮನೆಯ ಬಾಗಿಲನ್ನೂ ನೋಡಿರುವುದಿಲ್ಲ, ಅವನಿಗೆ ಸಲ್ಲುವುದು ಸಹಿಯ ದುಡ್ಡು. ಇದು ಊರಿಗೆಲ್ಲ ಗೊತ್ತು. ಕಾನೂನು ಬಿಗಿಯಾಗಿದೆ, ಫಾರ್ಮ್ ಸರಿಯಾಗಿದೆ, ಬಾತ್‌ರೂಮಿನ ಗೀಸರಿಗೆ ಅರ್ಥಿಂಗ್ ಇಲ್ಲ. ವಯರಿಂಗ್ ಮಾಡಿದ ಹುಡುಗನಿಗೆ ಕೆಲಸ ಚೆನ್ನಾಗಿಯೇ ಗೊತ್ತಿರಬಹುದು, ಆದರೆ ಕಾಗದದಲ್ಲಿ ಅವನು ಯಾರೂ ಅಲ್ಲ. ನಾಳೆ ಏನಾದರೂ ಆದರೆ ಸಹಿಯವ 'ನಾನು ನೋಡಿಲ್ಲ' ಎನ್ನುತ್ತಾನೆ, ಹುಡುಗನಂತೂ ದಾಖಲೆಯಲ್ಲೇ ಇಲ್ಲ.

ಹಾಗಾದರೆ ಎಲ್ಲ ಮೇಸ್ತ್ರಿಗಳಿಗೂ ಲೈಸೆನ್ಸ್ ಮಾಡುವುದೇ? ಬೇಡ ಎನ್ನುತ್ತೇನೆ. ಗಾರೆ, ಟೈಲ್ಸ್, ಪೈಂಟ್ ಕೆಟ್ಟರೆ ಕೆಡುವುದು ಕೆಲಸ ಮಾಡಿಸಿದವನ ಮನೆ, ಅವನೇ ನೋಡಿ ಆರಿಸಿಕೊಳ್ಳಲಿ. ಅಲ್ಲಿ ಸರ್ಕಾರ ಬಾಗಿಲಲ್ಲಿ ನಿಂತರೆ ಶಾಲೆ ಅರ್ಧಕ್ಕೆ ಬಿಟ್ಟು ಕರಣೆ ಹಿಡಿದ ಹುಡುಗನ ಬಾಗಿಲು ಮುಚ್ಚುತ್ತದೆ. ನಮ್ಮಲ್ಲಿ ಎಷ್ಟು ಮನೆಗಳು ಆ ಬಾಗಿಲಿನಿಂದಲೇ ಮೇಲೆ ಬಂದವು! ಆದರೆ ಕರೆಂಟು, ಕಾಂಕ್ರೀಟ್ ಸ್ಲ್ಯಾಬ್, ಎತ್ತರದ ಗೋಡೆ, ಆಳದ ಅಗೆತ ಹಾಗಲ್ಲ. ಅವು ಕೆಟ್ಟರೆ ಸಾಯುವವನು ಆ ಕೆಲಸ ಒಪ್ಪಿಕೊಂಡವನೂ ಅಲ್ಲ, ದುಡ್ಡು ಕೊಟ್ಟವನೂ ಅಲ್ಲ. ಅಲ್ಲಿ ಪರೀಕ್ಷೆ ಇರಲಿ, ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ. ಅನುಭವ ಇದ್ದವರಿಗೆ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಎಂಬ ಯೋಜನೆ ಕೇಂದ್ರದ ಕೌಶಲ ಯೋಜನೆಯಲ್ಲೇ ಇದೆ. ಅದನ್ನು ನಮ್ಮ ಮೇಸ್ತ್ರಿಗಳಿಗೆ ಮುಟ್ಟಿಸುವ ಕೆಲಸವನ್ನು ನಮ್ಮ ಸಂಘಟನೆಗಳೂ ಮಾಡಬಹುದು. ಸ್ಕಾಲರ್‌ಶಿಪ್ ಫಾರ್ಮ್ ತುಂಬಿಸಲು ಕೂರುವ ಯುವಕರಿಗೆ ಇದೇನೂ ಕಷ್ಟದ್ದಲ್ಲ.

ಕೆಲಸಗಾರನ ಜೀವದ ಬಗ್ಗೆಯೂ ಹೇಳಬೇಕು. 2024ರ ಜುಲೈ ಮೊದಲ ವಾರದಲ್ಲಿ ಮಂಗಳೂರಿನ ಬಲ್ಮಠದಲ್ಲಿ ಕಟ್ಟಡವೊಂದರ ಅಗೆತದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಕ್ಕಿಕೊಂಡರು, ಒಬ್ಬನನ್ನು ಗಂಟೆಗಟ್ಟಲೆ ಹೋರಾಡಿ ಮೇಲೆತ್ತಿದರು, ಇನ್ನೊಬ್ಬ ಉಳಿಯಲಿಲ್ಲ. ಇಬ್ಬರೂ ಉತ್ತರ ಭಾರತದಿಂದ ಕೂಲಿಗೆ ಬಂದವರು. ಗಲ್ಫಿನಲ್ಲಿ ನಮ್ಮವರು ಹೇಗೋ, ಇಲ್ಲಿ ಅವರು ಹಾಗೆ. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ನಡು ಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ, ಯುಎಇಯಲ್ಲಿ ಹನ್ನೆರಡೂವರೆಯಿಂದ ಮೂರು ಗಂಟೆ, ಸೌದಿಯಲ್ಲಿ ಹನ್ನೆರಡರಿಂದ ಮೂರು. ಆ ನಿಯಮದಿಂದ ನಮ್ಮ ಅಣ್ಣತಮ್ಮಂದಿರ ಸ್ವಾತಂತ್ರ್ಯ ಹೋಯಿತು ಎಂದು ಯಾರೂ ಅಳಲಿಲ್ಲ. ಊರಿಗೆ ಬಂದು ತನ್ನ ಮನೆ ಕಟ್ಟಿಸುವಾಗ ಏಪ್ರಿಲ್ ಬಿಸಿಲಿಗೆ ಸ್ಲ್ಯಾಬಿನ ಮೇಲೆ ನಿಂತವನಿಗೆ ಆ ನೆರಳು ಕೊಡಬೇಕೆಂದು ಎಷ್ಟು ಮಂದಿಗೆ ನೆನಪಾಗುತ್ತದೆ?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ಜಾಗ ಹಿಡಿದಿವೆ. ಹಳೆ ಕಾಯ್ದೆಯಲ್ಲಿ ಹತ್ತು ಲಕ್ಷದೊಳಗಿನ ಸ್ವಂತ ವಾಸದ ಮನೆಗೆ ಕಾರ್ಮಿಕರ ಕಲ್ಯಾಣದ ಸೆಸ್ ಇರಲಿಲ್ಲ, ಈಗ ಆ ಮಿತಿ ಐವತ್ತು ಲಕ್ಷ. ಮನೆ ಕಟ್ಟಿಸುವವನಿಗೆ ಖುಷಿಯೇ. ಆದರೆ ನಮ್ಮ ಕಡೆಯ ಹೆಚ್ಚಿನ ಮನೆಗಳು ಐವತ್ತು ಲಕ್ಷದೊಳಗೇ ಮುಗಿಯುತ್ತವೆ, ಕೆಲಸಕ್ಕೆ ಹತ್ತು ಜನವೂ ಇರುವುದಿಲ್ಲ. ಅಂದರೆ ನಮ್ಮ ಮೇಸ್ತ್ರಿ ಮತ್ತು ಅವನ ಹೆಲ್ಪರ್ ನಿಲ್ಲುವ ಸಾರಣೆ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಮಾಲಕನಿಗೆ ಸಿಕ್ಕಿದ ಸ್ವಾತಂತ್ರ್ಯದ ಬೆಲೆ ಸಾರಣೆಯ ಮೇಲೆ ನಿಂತವನು ಕೊಡಬಾರದು. ಸೆಸ್ ಬೇಡವಾದರೆ ಬೇಡ, ಆ ಮನೆ ಮುಗಿಯುವ ತನಕ ಕೆಲಸಗಾರರಿಗೆ ಒಂದು ಅಪಘಾತ ವಿಮೆ ಮಾಡಿಸಲು ಯಾವ ಸರ್ಕಾರವೂ ಹೇಳಬೇಕಾಗಿಲ್ಲ. ಲೇಬರ್ ಕಾರ್ಡ್ ಇರುವವರು ಅದನ್ನು ನವೀಕರಿಸಿಕೊಳ್ಳಿ. ಕಟ್ಟಡ ಕೆಲಸ ಮಾಡದವರೂ ಕಾರ್ಡ್ ಮಾಡಿಸಿಕೊಂಡ ಕಾರಣಕ್ಕೇ ಅಲ್ಲವೇ ಈಗ ನಿಜವಾದ ಕೆಲಸಗಾರನಿಗೂ ಇಷ್ಟು ತಪಾಸಣೆ? ಇದರಲ್ಲಿ ನಮ್ಮವರ ಪಾಲೂ ಇದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಪಂಚಾಯತಿಯಿಂದ ನಾವು ಕೇಳಬೇಕಾದದ್ದು ದೊಡ್ಡ ಕಾನೂನಲ್ಲ. ಆರು ಅಡಿಗಿಂತ ಎತ್ತರದ ಗೋಡೆ ಅಥವಾ ಗುಡ್ಡದ ಕಡಿತ ಎಲ್ಲಿದೆ, ಅದರ ಕೆಳಗೆ ಮನೆ ಇದೆಯೋ, ನೀರು ಹೋಗಲು ದಾರಿ ಇದೆಯೋ ಎಂಬ ಒಂದು ಪಟ್ಟಿ, ವಾರ್ಡುವಾರು. ಹೊಸ ಲೈಸೆನ್ಸ್ ಕೊಡುವಾಗ ಗೋಡೆಗೂ ಒಂದು ಕಾಲಂ, ಸಹಿ ಹಾಕುವ ಎಂಜಿನಿಯರ್ ಆ ಜಾಗದಲ್ಲಿ ನಿಂತು ತೆಗೆದ ಫೋಟೋ. ಇದಕ್ಕೆ ಬದಲಾಗಿ ಐದು ಸೆಂಟ್ಸ್‌ನ ಒಂದು ಮಾಳಿಗೆ ಮನೆಯವನನ್ನು ಎರಡು ಮೂರು ಕಾಗದಕ್ಕೆ ಬಿಟ್ಟುಬಿಡಲಿ. ಆಗದ ಕೆಲಸವೇನಲ್ಲ, ಸಿಬ್ಬಂದಿ ಇಲ್ಲ ಎನ್ನುವ ಪಂಚಾಯತಿಯೇ ತೆರಿಗೆಗೆ ಮನೆ ಮನೆ ಅಳೆಯುತ್ತದೆ.

ಈಗ ಮಳೆಗಾಲಕ್ಕೆ ಮೊದಲು ಗ್ರಾಮಸಭೆ ನಡೆಯುತ್ತದೆ. ನಮ್ಮವರು ಅಲ್ಲಿಗೆ ಹೋಗುವುದು ಮನೆ ಮಂಜೂರಾತಿಗೆ, ರಸ್ತೆಗೆ, ದಾರಿದೀಪಕ್ಕೆ. ಈ ಸಲ ಒಂದು ಹಾಳೆಯಲ್ಲಿ ಗೋಡೆಗಳ ವಿಷಯವನ್ನೂ ಬರೆದು ಕೊಡಿ, ದಾಖಲಾಗುವಂತೆ ನೋಡಿಕೊಳ್ಳಿ. ಜಮಾಅತ್ ಕಮಿಟಿಗಳು ಮೊದಲು ತಮ್ಮ ಖಬರ್‌ಸ್ಥಾನದ, ಮದ್ರಸದ ಗೋಡೆ ನೋಡಲಿ, ಗುಡ್ಡದ ಮೇಲೆ ಮಸೀದಿ ಇರುವಲ್ಲಿ ಗೋಡೆಯ ಕೆಳಗೆ ಹೆಚ್ಚಾಗಿ ಬಡವರದ್ದೇ ಮನೆ. ಗಲ್ಫಿನಲ್ಲಿ ಇರುವವರು ಮುಂದಿನ ವಿಡಿಯೋ ಕಾಲ್‌ನಲ್ಲಿ ಫೋನನ್ನು ಮನೆಯ ಹಿಂದಕ್ಕೆ ತೆಗೆದುಕೊಂಡು ಹೋಗಲು ಹೇಳಿ. ಗೋಡೆ ಉಬ್ಬಿದೆಯೋ, ಅಡ್ಡ ಬಿರುಕು ಇದೆಯೋ, ತೂತಿನಲ್ಲಿ ಮಣ್ಣು ಕಟ್ಟಿದೆಯೋ ನೋಡಿ. ತೂತೇ ಇಲ್ಲದಿದ್ದರೆ ಡ್ರಿಲ್ಲಿನವನನ್ನು ಮೇ ತಿಂಗಳೊಳಗೆ ಕರೆಸಿ. ಜೂನ್‌ನಲ್ಲಿ ಕರೆದರೆ ಅವನೂ ಬರುವುದಿಲ್ಲ, ಆಗ ಆ ಗೋಡೆಗೆ ಕೈ ಹಾಕುವುದೂ ಅಪಾಯ.